ನಾವು ಯಾರೆಂದು ಹೇಳುವ ಹಕ್ಕು ಯಾರದು? ಲಿಂಗತ್ವ, ಜಾತಿ, ಜನಾಂಗ, ಮಾತೃಭಾಷೆ: ಸ್ವಘೋಷಣೆಗೆ ಕಾನೂನು ಕೊಡುವ ಬೆಲೆ

ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವ ಪ್ರತಿಯೊಂದು ಕುಟುಂಬವೂ ಅರ್ಜಿಯಲ್ಲಿ ಕೆಲವು ಅಂಕಣಗಳನ್ನು ತುಂಬುತ್ತದೆ: ಲಿಂಗ, ಧರ್ಮ, ಜಾತಿ, ಮಾತೃಭಾಷೆ. ಸಾಲಾಗಿ ನಿಂತ ಈ ಅಂಕಣಗಳು ಒಂದೇ ಬಗೆಯವೆಂದು ತೋರುತ್ತವೆ. ಕಾನೂನಿನ ದೃಷ್ಟಿಯಲ್ಲಿ ಅವು ಒಂದೇ ಬಗೆಯವಲ್ಲ. ಒಂದು ಅಂಕಣದಲ್ಲಿ ನಮ್ಮ ಮಾತೇ ಸಾಕು. ಇನ್ನೊಂದರಲ್ಲಿ ನಮ್ಮ ಮಾತಿನ ಜೊತೆಗೆ ಅಧಿಕಾರಿಯ ಮುದ್ರೆ ಬೇಕು. ಮತ್ತೊಂದರಲ್ಲಿ ಆ ಮುದ್ರೆಯನ್ನೂ ಸಮಿತಿಯೊಂದು ಮರುಪರಿಶೀಲಿಸುತ್ತದೆ. ತಾರತಮ್ಯವನ್ನು ನಿಷೇಧಿಸುವ ಕಾನೂನುಗಳು ವ್ಯಕ್ತಿಯ ಸ್ವಘೋಷಣೆಯನ್ನು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ, ಅದಕ್ಕೆ ಕಾರಣವೇನು ಎಂಬುದನ್ನು ಗಡಿನಾಡಿನ ಕನ್ನಡ ಮಾಧ್ಯಮದ ಕುಟುಂಬಗಳಿಗೆ ಉಪಯೋಗವಾಗುವಂತೆ ಇಲ್ಲಿ ವಿವರಿಸುತ್ತೇವೆ.

ರಕ್ಷಣೆ ಮತ್ತು ಪಾಲು

ಮೊದಲಿಗೆ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಾರತಮ್ಯದ ವಿರುದ್ಧದ ಕಾನೂನು ಎರಡು ಕೆಲಸಗಳನ್ನು ಮಾಡುತ್ತದೆ. ವ್ಯಕ್ತಿಯನ್ನು ಅವಮಾನದಿಂದಲೂ ಹೊರಗಿಡುವಿಕೆಯಿಂದಲೂ ಕಾಪಾಡುವುದು ಮೊದಲನೆಯದು. ಇದನ್ನು ರಕ್ಷಣೆ ಎನ್ನೋಣ. ಸೀಟು, ಹುದ್ದೆ, ವಿದ್ಯಾರ್ಥಿವೇತನಗಳಲ್ಲಿ ಹಿಂದುಳಿಸಲ್ಪಟ್ಟ ಸಮುದಾಯಗಳಿಗೆ ಭಾಗ ಕೊಡುವುದು ಎರಡನೆಯದು. ಇದನ್ನು ಪಾಲು ಎನ್ನೋಣ. ರಕ್ಷಣೆಯನ್ನು ಎಷ್ಟು ಜನರಿಗೆ ಕೊಟ್ಟರೂ ಅದು ಮುಗಿಯುವುದಿಲ್ಲ. ಪಾಲಾದರೋ ಮಿತವಾದುದು, ಒಬ್ಬರಿಗೆ ಸಿಕ್ಕಿದ ಸೀಟು ಇನ್ನೊಬ್ಬರಿಗೆ ಸಿಗದು. ಆದಕಾರಣ ಪಾಲಿನ ಪ್ರಶ್ನೆ ಬಂದ ಕಡೆಯಲ್ಲೆಲ್ಲ ಕಾನೂನು ಪುರಾವೆ ಕೇಳುತ್ತದೆ. ಮುಂದೆ ಬರುವ ತೀರ್ಪುಗಳನ್ನು ಈ ಸೂತ್ರದಿಂದ ಬಹುಮಟ್ಟಿಗೆ ಅರ್ಥಮಾಡಿಕೊಳ್ಳಬಹುದು.

ಸಂವಿಧಾನದ ಪಟ್ಟಿ

ಸಂವಿಧಾನದ 15(1)ನೆಯ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಎಂಬ ಐದು ಕಾರಣಗಳಿಂದ ಪ್ರಭುತ್ವವು ಯಾವ ಪ್ರಜೆಗೂ ತಾರತಮ್ಯ ಮಾಡಕೂಡದೆನ್ನುತ್ತದೆ. ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ 16(2)ನೆಯ ವಿಧಿಯು ಇವುಗಳಿಗೆ ವಂಶ ಮತ್ತು ವಾಸಸ್ಥಳಗಳನ್ನು ಸೇರಿಸುತ್ತದೆ. ಈ ಎರಡು ಪಟ್ಟಿಗಳಲ್ಲಿ ‘ಭಾಷೆ’ ಎಂಬ ಪದವಿಲ್ಲ. ಅದು ಕಾಣಿಸುವುದು 29(2)ನೆಯ ವಿಧಿಯಲ್ಲಿ: ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದಷ್ಟೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ನಮ್ಮಂಥ ಭಾಷಾ ಅಲ್ಪಸಂಖ್ಯಾತ ಕುಟುಂಬಗಳು ನೆನಪಿಡಬೇಕಾದ ವಿಧಿ ಇದು.

ಆದರೆ ಈ ವಿಧಿಗಳಾವುವೂ ವ್ಯಕ್ತಿಯ ಲಿಂಗವನ್ನು, ಜಾತಿಯನ್ನು, ಭಾಷೆಯನ್ನು ನಿರ್ಧರಿಸುವವರು ಯಾರು ಎಂಬುದನ್ನು ಹೇಳುವುದಿಲ್ಲ. ಆ ಕೆಲಸವನ್ನು ನ್ಯಾಯಾಲಯಗಳೂ ಶಾಸನಸಭೆಗಳೂ ಒಂದೊಂದಾಗಿ ಮಾಡುತ್ತ ಬಂದಿವೆ.

ಲಿಂಗತ್ವ: ವ್ಯಕ್ತಿಯ ಮಾತಿಗೆ ಮನ್ನಣೆ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠವು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಅರ್ಜಿಯ ಮೇಲೆ ತೀರ್ಪು ನೀಡಿತು. ‘ನಾಲ್ಸಾ ತೀರ್ಪು’ ಎಂದೇ ಇದು ಪ್ರಸಿದ್ಧ. ಸಂವಿಧಾನದ 15 ಮತ್ತು 16ನೆಯ ವಿಧಿಗಳಲ್ಲಿರುವ ‘ಲಿಂಗ’ ಎಂಬ ಪದವು ದೇಹದ ಲಕ್ಷಣಗಳಿಗೆ ಸೀಮಿತವಲ್ಲ, ವ್ಯಕ್ತಿ ತನ್ನನ್ನು ತಾನು ಹೇಗೆ ಅರಿತಿದ್ದಾನೆ ಅಥವಾ ಅರಿತಿದ್ದಾಳೆ ಎಂಬ ಲಿಂಗತ್ವದ ಅರಿವನ್ನೂ ಒಳಗೊಳ್ಳುತ್ತದೆ ಎಂದು ಪೀಠವು ಹೇಳಿತು. ಗಂಡು, ಹೆಣ್ಣು ಅಥವಾ ತೃತೀಯ ಲಿಂಗವೆಂದು ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಯದೇ. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಹೇರುವುದು ಕಾನೂನುಬಾಹಿರ ಎಂದೂ ಸಾರಿತು. ಲಿಂಗತ್ವ ಅಲ್ಪಸಂಖ್ಯಾತರನ್ನು ಸಾಮಾಜಿಕವಾಗಿಯೂ ಶೈಕ್ಷಣಿಕವಾಗಿಯೂ ಹಿಂದುಳಿದ ವರ್ಗವೆಂದು ಪರಿಗಣಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿತು. ಈ ತೀರ್ಪಿನಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಎಲ್ಲಮ್ಮನ ಸೇವೆಗೆ ನಿಂತ ಜೋಗಪ್ಪಗಳ ಉಲ್ಲೇಖವೂ ಇದೆ. ನಮ್ಮ ಸೀಮೆಯ ಓದುಗರಿಗೆ ಅವರ ಪರಿಚಯ ಹೇಳಬೇಕಾಗಿಲ್ಲ. ಅದೇ ಜೋಗತಿ ಪರಂಪರೆಯ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀಗೆ ಪಾತ್ರರಾದರು.

2011ರ ಜನಗಣತಿಯಲ್ಲಿ ಲಿಂಗದ ಅಂಕಣದಲ್ಲಿ ‘ಇತರೆ’ ಎಂದು ದಾಖಲಾದವರು 4,87,803 ಮಂದಿ. ಇವರ ರಕ್ಷಣೆಗೆಂದು ಸಂಸತ್ತು 2019ರಲ್ಲಿ ಕಾಯ್ದೆಯೊಂದನ್ನು ಅಂಗೀಕರಿಸಿತು. 2020ರ ಜನವರಿ 10ರಂದು ಅದು ಜಾರಿಗೆ ಬಂತು. ಅಂಗೀಕಾರಗೊಂಡ ರೂಪದಲ್ಲಿ ಅದರ 4ನೆಯ ಕಲಮು ಸ್ವಯಂ ಅರಿತ ಲಿಂಗತ್ವದ ಹಕ್ಕನ್ನು ಮಾನ್ಯಮಾಡಿತು. ಆದರೆ ಮುಂದಿನ ಕಲಮುಗಳಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರವನ್ನೂ, ಶಸ್ತ್ರಚಿಕಿತ್ಸೆಯ ಬಳಿಕ ಗಂಡು ಅಥವಾ ಹೆಣ್ಣೆಂದು ದಾಖಲಿಸಿಕೊಳ್ಳಲು ವೈದ್ಯಾಧಿಕಾರಿಯ ದಾಖಲೆಯನ್ನೂ ವಿಧಿಸಿತು. 2020ರ ನಿಯಮಗಳು, ವೈದ್ಯಕೀಯ ಪರೀಕ್ಷೆಯಿಲ್ಲದೆ ಅರ್ಜಿದಾರರ ಅಫಿಡವಿಟ್‌ನ ಮೇಲೆಯೇ ಮೊದಲ ಪ್ರಮಾಣಪತ್ರ ಕೊಡಬೇಕೆಂದವು. ತೀರ್ಪು ಬಾಗಿಲನ್ನು ಪೂರ್ತಿ ತೆರೆಯಿತು, ಕಾಯ್ದೆ ಆ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿತು ಎಂಬುದು ಈ ಸಮುದಾಯದವರ ಆಕ್ಷೇಪ.

ಶಾಲೆಗಳಿಗೆ ಸಂಬಂಧಿಸಿ ಈ ಕಾಯ್ದೆಯ 3ನೆಯ ಕಲಮು ಮುಖ್ಯವಾದುದು: ಲಿಂಗತ್ವದ ಕಾರಣದಿಂದ ಶಿಕ್ಷಣ ನಿರಾಕರಿಸುವುದನ್ನೂ ಅರ್ಧದಲ್ಲಿ ನಿಲ್ಲಿಸುವುದನ್ನೂ ಅನ್ಯಾಯದ ವರ್ತನೆಯನ್ನೂ ಅದು ನಿಷೇಧಿಸುತ್ತದೆ. 11ನೆಯ ಕಲಮಿನಂತೆ ಪ್ರತಿಯೊಂದು ಸಂಸ್ಥೆಯೂ ದೂರು ಸ್ವೀಕರಿಸುವ ಅಧಿಕಾರಿಯೊಬ್ಬರನ್ನು ನೇಮಿಸಬೇಕು.

ರಾಜ್ಯಗಳ ನಡೆ ಬೇರೆಬೇರೆ. ತಮಿಳುನಾಡು 2008ರಲ್ಲಿಯೇ ಕಲ್ಯಾಣ ಮಂಡಳಿ ಸ್ಥಾಪಿಸಿತು. ಕೇರಳ 2015ರಲ್ಲಿ ರಾಜ್ಯ ನೀತಿಯೊಂದನ್ನು ಪ್ರಕಟಿಸಿತು. ಕರ್ನಾಟಕ 2021ರಲ್ಲಿ ತನ್ನ ಸಿವಿಲ್ ಸೇವಾ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು ಶೇ. 1ರ ಸಮತಲ ಮೀಸಲಾತಿ ಕೊಟ್ಟಿತು. ಸಮತಲವೆಂದರೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ ಎಂಬ ಪ್ರತಿಯೊಂದರ ಒಳಗೂ ಈ ಭಾಗ ಹಂಚಿಕೆಯಾಗುತ್ತದೆ. ಹೀಗಾಗಿ ದಲಿತ ಕುಟುಂಬದ ಲಿಂಗತ್ವ ಅಲ್ಪಸಂಖ್ಯಾತರು ಎರಡು ಗುರುತುಗಳಲ್ಲಿ ಒಂದನ್ನು ಬಿಟ್ಟುಕೊಡಬೇಕಾಗಿಲ್ಲ.

ಜಾತಿ ಮತ್ತು ಪಂಗಡ: ಮಾತು ಸಾಲದು

ಜಾತಿಯ ಅಂಕಣಕ್ಕೆ ಬಂದೊಡನೆ ಕಾನೂನಿನ ಧ್ವನಿ ಬದಲಾಗುತ್ತದೆ. 341 ಮತ್ತು 342ನೆಯ ವಿಧಿಗಳ ಪ್ರಕಾರ ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಯನ್ನು ರಾಷ್ಟ್ರಪತಿಗಳು ರಾಜ್ಯವಾರು ಪ್ರಕಟಿಸುತ್ತಾರೆ. ಬಳಿಕ ಅದನ್ನು ಬದಲಾಯಿಸುವ ಅಧಿಕಾರ ಸಂಸತ್ತಿಗೆ ಮಾತ್ರ. 2000ರಲ್ಲಿ ಮಹಾರಾಷ್ಟ್ರದ ಮಿಲಿಂದ್ ಪ್ರಕರಣದಲ್ಲಿ ಸಂವಿಧಾನ ಪೀಠವು, ಪಟ್ಟಿಯಲ್ಲಿರುವ ಹೆಸರನ್ನು ಇದ್ದಂತೆಯೇ ಓದಬೇಕು, ಇಂಥ ಹೆಸರು ಅಂಥ ಹೆಸರಿನ ಪರ್ಯಾಯವೆಂದು ಸೇರಿಸಲು ನ್ಯಾಯಾಲಯಕ್ಕೂ ಅಧಿಕಾರವಿಲ್ಲ ಎಂದಿತು.

ಪಟ್ಟಿಯ ಬಲವೆಂಥದೆಂಬುದಕ್ಕೆ ಕಾಸರಗೋಡಿನ ಮರಾಟಿ ಸಮುದಾಯವೇ ನಿದರ್ಶನ. 2002ರ ತಿದ್ದುಪಡಿ ಕಾಯ್ದೆಯಿಂದ ಕೇರಳದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರು ಹೊರಬಿತ್ತು. 2013ರ ಕಾಯ್ದೆಯಿಂದ ಮತ್ತೆ ಒಳಬಂತು. ನಡುವಿನ ವರ್ಷಗಳಲ್ಲಿ ಅವರ ಮನೆ, ಮಾತು, ದೈವ, ದುಡಿಮೆ ಯಾವುದೂ ಬದಲಾಗಿರಲಿಲ್ಲ. ಬದಲಾದದ್ದು ಪಟ್ಟಿ ಮಾತ್ರ. ಆದರೂ ಆ ವರ್ಷಗಳಲ್ಲಿ ಶಾಲೆ ಮುಗಿಸಿದ ಮಕ್ಕಳಿಗೆ ಪಂಗಡದ ಪಾಲು ಇಲ್ಲವಾಯಿತು.

ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ತಾನು ಆ ಸಮುದಾಯದವನೆಂದು ವ್ಯಕ್ತಿ ಸಾಬೀತುಪಡಿಸಬೇಕು. 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸುಳ್ಳು ಪ್ರಮಾಣಪತ್ರಗಳನ್ನು ತಡೆಯಲು ಪ್ರತಿ ರಾಜ್ಯದಲ್ಲೂ ಪರಿಶೀಲನಾ ಸಮಿತಿ ಮತ್ತು ಜಾಗೃತ ದಳ ಇರಬೇಕೆಂದು ನಿರ್ದೇಶಿಸಿತು. ಕೇರಳದಲ್ಲಿ 1996ರ ಕಾಯ್ದೆ, ಮಹಾರಾಷ್ಟ್ರದಲ್ಲಿ 2000ದ ಕಾಯ್ದೆ, ಆಂಧ್ರಪ್ರದೇಶದಲ್ಲಿ 1993ರ ಕಾಯ್ದೆ ಈ ಪ್ರಮಾಣಪತ್ರಗಳ ವಿತರಣೆಯನ್ನು ನಿಯಂತ್ರಿಸುತ್ತವೆ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರದ ಮೇಲೆ ಸಿಂಧುತ್ವದ ಪ್ರಮಾಣಪತ್ರ ಬೇರೆಯೇ ಬೇಕೆಂಬುದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಕುಟುಂಬಗಳಿಗೆ ತಿಳಿದದ್ದೇ. ಸುಳ್ಳು ಹೇಳಿ ಪಡೆದ ಹುದ್ದೆಯನ್ನೂ ಪದವಿಯನ್ನೂ ಕಾಲ ಕಳೆದಿದೆಯೆಂಬ ಕಾರಣಕ್ಕೆ ಉಳಿಸಿಕೊಳ್ಳಲಾಗದೆಂದು 2017ರಲ್ಲಿ ಬಹಿರಾ ಪ್ರಕರಣದ ತೀರ್ಪು ಖಚಿತಪಡಿಸಿತು.

ಮದುವೆಯೂ ಜಾತಿಯ ಪಾಲನ್ನು ತಂದುಕೊಡದು. ಕೇರಳದ ವಲ್ಸಮ್ಮ ಪೌಲ್ ಪ್ರಕರಣದಲ್ಲಿ (1996), ಹಿಂದುಳಿದ ವರ್ಗದ ಲ್ಯಾಟಿನ್ ಕ್ಯಾಥೊಲಿಕ್ ವರನನ್ನು ಮದುವೆಯಾದ ಸಿರಿಯನ್ ಕ್ಯಾಥೊಲಿಕ್ ಮಹಿಳೆಗೆ ಉಪನ್ಯಾಸಕ ಹುದ್ದೆಯ ಮೀಸಲಾತಿ ಸಲ್ಲದೆಂದು ತೀರ್ಪಾಯಿತು. ಹಿಂದುಳಿದಿರುವಿಕೆಯ ಕಷ್ಟವನ್ನು ಹುಟ್ಟಿನಿಂದ ಉಂಡವರಿಗೇ ಅದರ ಪರಿಹಾರ ಎಂಬುದು ನ್ಯಾಯಾಲಯದ ವಾದ. ಅಂತರ್ಜಾತಿ ವಿವಾಹದ ಮಕ್ಕಳ ವಿಷಯದಲ್ಲಿ ಇದೇ ವಾದ ಇನ್ನೊಂದು ದಿಕ್ಕಿಗೆ ಹರಿಯಿತು. 2012ರ ರಮೇಶಭಾಯಿ ನಾಯ್ಕ ಪ್ರಕರಣದಲ್ಲಿ, ಮಗುವಿನ ಜಾತಿ ತಂದೆಯದೆಂದು ಊಹಿಸಬಹುದಾದರೂ ಅದು ಕೊನೆಯ ಮಾತಲ್ಲ. ಮಗು ತಾಯಿಯ ಸಮುದಾಯದೊಳಗೆ ಬೆಳೆದು ಅಲ್ಲಿನ ಅವಮಾನಗಳನ್ನೇ ಅನುಭವಿಸಿದ್ದರೆ ತಾಯಿಯ ಜಾತಿಯನ್ನು ಹೇಳಿಕೊಳ್ಳಬಹುದು ಎಂದು ನ್ಯಾಯಾಲಯ ಹೇಳಿತು. ಇಲ್ಲಿ ಪುರಾವೆಯಾಗುವುದು ರಕ್ತವಲ್ಲ, ಬದುಕು.

ಗಡಿ ದಾಟದ ಪ್ರಮಾಣಪತ್ರ

ಗಡಿನಾಡಿನ ಕುಟುಂಬಗಳು ಇಲ್ಲಿಯೇ ಎಡವುವುದು ಹೆಚ್ಚು. ಪಟ್ಟಿ ರಾಜ್ಯವಾರು ಇರುವುದರಿಂದ ಒಂದು ರಾಜ್ಯದ ಪರಿಶಿಷ್ಟ ಸ್ಥಾನವು ಇನ್ನೊಂದು ರಾಜ್ಯದಲ್ಲಿ ತಾನಾಗಿ ಸಲ್ಲುವುದಿಲ್ಲ. 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ, ಬಾಲ್ಯದಲ್ಲಿ ಆಂಧ್ರದಿಂದ ಮಹಾರಾಷ್ಟ್ರಕ್ಕೆ ಬಂದ ವಿದ್ಯಾರ್ಥಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಂಗಡದ ಸೀಟು ದೊರೆಯಲಿಲ್ಲ. 2018ರಲ್ಲಿ ಬೀರ್ ಸಿಂಗ್ ಪ್ರಕರಣದ ಸಂವಿಧಾನ ಪೀಠವು ಈ ನಿಲುವನ್ನೇ ಎತ್ತಿಹಿಡಿಯಿತು. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಒಂದೇ ಹೆಸರಿದ್ದರೂ ಇದು ಅನ್ವಯಿಸುತ್ತದೆ. ಕೊರಗ ಸಮುದಾಯ ಕರ್ನಾಟಕದಲ್ಲೂ ಕೇರಳದಲ್ಲೂ ಪರಿಶಿಷ್ಟ ಪಂಗಡವೇ. ಆದರೂ ಮಂಜೇಶ್ವರದ ಕೊರಗ ಮಗುವಿನ ಕೇರಳದ ಪ್ರಮಾಣಪತ್ರವನ್ನು ಹಿಡಿದು ತಲಪಾಡಿಯ ಆಚೆ ರಾಜ್ಯ ಕೋಟಾದ ಪಾಲನ್ನು ಹಕ್ಕಾಗಿ ಕೇಳಲಾಗದು. ಮನೆಯಂಗಳದಿಂದ ಕಾಣುವಷ್ಟು ಹತ್ತಿರದ ಗಡಿಯಾದರೂ ಕಾನೂನಿಗೆ ಅದು ದೂರವೇ.

ಜನಾಂಗ: ಹೊರದೇಶಗಳ ಅನುಭವ

ಜನಾಂಗವನ್ನು ಪ್ರಭುತ್ವವೇ ನಿರ್ಧರಿಸಿದರೆ ಏನಾಗುತ್ತದೆಂಬುದಕ್ಕೆ ದಕ್ಷಿಣ ಆಫ್ರಿಕದ 1950ರ ಜನಸಂಖ್ಯಾ ನೋಂದಣಿ ಕಾಯ್ದೆ ಸಾಕ್ಷಿ. ಅಧಿಕಾರಿಗಳು ಚರ್ಮ, ಕೂದಲು, ನೆರೆಹೊರೆಯ ಅಭಿಪ್ರಾಯಗಳನ್ನು ನೋಡಿ ಪ್ರತಿಯೊಬ್ಬರಿಗೂ ಒಂದು ಜನಾಂಗದ ಮುದ್ರೆ ಒತ್ತಿದರು. ಒಂದೇ ಮನೆಯವರು ಬೇರೆಬೇರೆ ಜನಾಂಗಕ್ಕೆ ಸೇರಿಹೋದದ್ದೂ ಉಂಟು. 1991ರಲ್ಲಿ ಆ ಕಾಯ್ದೆ ರದ್ದಾಯಿತು. ಉದ್ಯೋಗ ಸಮಾನತೆಗಾಗಿ 1998ರಲ್ಲಿ ಬಂದ ಕಾನೂನಿನಡಿ ನೌಕರರು ತಮ್ಮ ಜನಾಂಗವನ್ನು ತಾವೇ ಘೋಷಿಸುತ್ತಾರೆ.

ಬ್ರೆಜಿಲ್ ದೇಶವು 2012ರ ಕಾನೂನಿನಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಕಪ್ಪು, ಮಿಶ್ರವರ್ಣ, ಮೂಲನಿವಾಸಿ ವಿದ್ಯಾರ್ಥಿಗಳಿಗೆ ಸ್ವಘೋಷಣೆಯ ಆಧಾರದ ಮೇಲೆಯೇ ಸೀಟು ಕಾದಿರಿಸಿತು. ಸುಳ್ಳು ಘೋಷಣೆಗಳ ದೂರು ಹೆಚ್ಚಿದಾಗ ಪರಿಶೀಲನಾ ಮಂಡಳಿಗಳು ಹುಟ್ಟಿಕೊಂಡವು. ವ್ಯಕ್ತಿಯ ಘನತೆಗೆ ಕುಂದು ಬರದಂತೆ ಪರಿಶೀಲಿಸಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ, ಸರ್ಕಾರಿ ಉದ್ಯೋಗದ ಕೋಟಾವನ್ನು ಎತ್ತಿಹಿಡಿಯುತ್ತ, ಹೇಳಿತು. ನಮ್ಮ ಮಾಧುರಿ ಪಾಟೀಲ್ ತೀರ್ಪಿನ ಹಾದಿಯನ್ನೇ ಇದು ನೆನಪಿಸುತ್ತದೆ.

ಇಂಗ್ಲೆಂಡಿನ ಒಂದು ಪ್ರಕರಣ ಶಾಲೆಗೇ ಸಂಬಂಧಿಸಿದ್ದು. ಪೇಟ ತೆಗೆಯಲೊಪ್ಪದ ಸಿಖ್ ಬಾಲಕನೊಬ್ಬನಿಗೆ ಬರ್ಮಿಂಗ್‌ಹ್ಯಾಮಿನ ಶಾಲೆಯೊಂದು ಪ್ರವೇಶ ನಿರಾಕರಿಸಿತು. ಸಿಖ್ಖರು ಧರ್ಮದ ಗುಂಪೇ ಹೊರತು ಜನಾಂಗವಲ್ಲವೆಂಬುದು ಎದುರು ವಾದ. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನು ತಳ್ಳಿಹಾಕಿತು. ದೀರ್ಘಕಾಲದ ಹಂಚಿಕೊಂಡ ಚರಿತ್ರೆ ಮತ್ತು ತಮ್ಮದೇ ಆದ ಸಾಂಸ್ಕೃತಿಕ ಪರಂಪರೆ ಇರುವ ಸಮುದಾಯ ಜನಾಂಗೀಯ ಗುಂಪಾಗಬಲ್ಲದು. ವ್ಯಕ್ತಿ ತಾನು ಅದರ ಸದಸ್ಯನೆಂದು ಭಾವಿಸಬೇಕು, ಆ ಸಮುದಾಯವೂ ಅವನನ್ನು ತನ್ನವನೆಂದು ಒಪ್ಪಿರಬೇಕು ಎಂದಿತು. ಸ್ವಂತ ಮಾತು ಮತ್ತು ಸಮುದಾಯದ ಒಪ್ಪಿಗೆ ಎಂಬ ಈ ಜೋಡಿಯನ್ನು ಹಲವು ಕಡೆ ಕಾಣಬಹುದು.

ಲಿಂಗತ್ವದ ವಿಷಯದಲ್ಲಿಯೂ ದೇಶಗಳ ದಾರಿ ಒಂದೇ ಅಲ್ಲ. 2012ರಲ್ಲಿ ಅರ್ಜೆಂಟೀನ ನ್ಯಾಯಾಧೀಶರ ಅಥವಾ ವೈದ್ಯರ ಅನುಮತಿಯಿಲ್ಲದೆ ಸ್ವಘೋಷಣೆಯನ್ನು ಒಪ್ಪಿತು. ಅಮೆರಿಕದ ಸುಪ್ರೀಂ ಕೋರ್ಟು 2020ರ ಬೊಸ್ಟಾಕ್ ತೀರ್ಪಿನಲ್ಲಿ ಲಿಂಗತ್ವದ ಕಾರಣಕ್ಕೆ ಕೆಲಸದಿಂದ ತೆಗೆಯುವುದೂ ಲಿಂಗ ತಾರತಮ್ಯವೇ ಎಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2025ರ ಏಪ್ರಿಲ್ 16ರಂದು, ಅಲ್ಲಿನ 2010ರ ಸಮಾನತಾ ಕಾಯ್ದೆಯಲ್ಲಿ ‘ಮಹಿಳೆ’ ಎಂಬ ಪದದ ಅರ್ಥ ಹುಟ್ಟಿನ ಲಿಂಗವನ್ನು ಅವಲಂಬಿಸಿದೆಯೆಂದು ತೀರ್ಮಾನಿಸಿತು. ಲಿಂಗತ್ವ ಬದಲಿಸಿಕೊಂಡವರಿಗೆ ಅದೇ ಕಾಯ್ದೆಯಲ್ಲಿರುವ ಪ್ರತ್ಯೇಕ ರಕ್ಷಣೆ ಉಳಿದಿದೆಯೆಂದೂ ಸ್ಪಷ್ಟಪಡಿಸಿತು.

ಮಾತೃಭಾಷೆ: ಪೋಷಕರ ಮಾತು

ಕೊನೆಗೆ ನಮಗೆ ಹೆಚ್ಚು ಹತ್ತಿರದ ಅಂಕಣ. ನಾಲ್ಸಾ ತೀರ್ಪು ಬಂದ ಮೂರು ವಾರಗಳಲ್ಲಿ, 2014ರ ಮೇ 6ರಂದು, ಕರ್ನಾಟಕದ ಪ್ರಾಥಮಿಕ ಶಾಲೆಗಳ ಮಾಧ್ಯಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಕಡ್ಡಾಯಮಾಡಲಾಗದೆಂಬ ಅದರ ಭಾಗವು ಕರ್ನಾಟಕದಲ್ಲಿ ಕನ್ನಡಕ್ಕೆ ಹಿನ್ನಡೆಯೆಂದು ಚರ್ಚೆಯಾಯಿತು. ಅದೇ ತೀರ್ಪಿನಲ್ಲಿ ಗಡಿಯಾಚೆಯ ಕನ್ನಡಿಗರಿಗೆ ಆಸರೆಯಾಗುವ ಮಾತೂ ಇದೆ. ಸಂವಿಧಾನದ ಸಂದರ್ಭದಲ್ಲಿ ಮಾತೃಭಾಷೆಯೆಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ, ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆತಾಯಿ ಅಥವಾ ಪೋಷಕರು ಎಂದು ಪೀಠವು ಹೇಳಿತು. ಭಾಷಾ ಅಲ್ಪಸಂಖ್ಯಾತರನ್ನು ರಾಜ್ಯವಾರು ಗುರುತಿಸಬೇಕೆಂದು 2002ರ ಟಿ.ಎಂ.ಎ. ಪೈ ತೀರ್ಪು ಹೇಳಿತ್ತು. 350ಎ ವಿಧಿಯು ಅಂಥವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಈ ಮೂರನ್ನು ಒಟ್ಟಿಗೆ ಓದಿದರೆ, ಕಾಸರಗೋಡು, ತಾಳವಾಡಿ ಅಥವಾ ಮಡಕಶಿರಾದ ಪೋಷಕರು ‘ನಮ್ಮ ಮಗುವಿನ ಮಾತೃಭಾಷೆ ಕನ್ನಡ’ ಎಂದು ಬರೆದರೆ ಆ ಮಾತಿಗೆ ಕಾನೂನಿನ ತೂಕವಿದೆ.

ಆದರೆ ಸ್ವಘೋಷಣೆ ಸರಳವಲ್ಲವೆಂಬುದಕ್ಕೂ ನಮ್ಮ ಮನೆಗಳೇ ಉದಾಹರಣೆ. ಮನೆಯೊಳಗೆ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತು, ಶಾಲೆಯಲ್ಲಿ ಕನ್ನಡ ಎಂಬ ಕುಟುಂಬಗಳು ಕಾಸರಗೋಡಿನಲ್ಲಿ ಸಾಕಷ್ಟಿವೆ. ಜನಗಣತಿಯು ಮಾತೃಭಾಷೆಯನ್ನು ಹೇಳಿದಂತೆಯೇ ಬರೆದುಕೊಳ್ಳುತ್ತದೆ, ಬಳಿಕ ತನ್ನ ಕ್ರಮದಲ್ಲಿ ವರ್ಗೀಕರಿಸುತ್ತದೆ. ನೀಲಗಿರಿಯಲ್ಲಿ ‘ಬಡಗ’ ಎಂದು ಹೇಳಿದವರನ್ನು 2011ರ ಪಟ್ಟಿ ಕನ್ನಡದ ಅಡಿಯಲ್ಲಿ ಸೇರಿಸಿತು. ‘ತುಳು’ ಎಂದವರನ್ನು ಬೇರೆಯಾಗಿಯೇ ಎಣಿಸಿತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ಇದಕ್ಕಿಂತ ಉದಾರ: ಗಡಿನಾಡಿನ ಅಭ್ಯರ್ಥಿಗಳಿಗಿರುವ ಅರ್ಹತಾ ಕಲಮಿನಲ್ಲಿ ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬಹುದು. ಆದರೆ ಹೇಳಿಕೆಯಷ್ಟೇ ಸಾಲದು. ನಿಗದಿತ ತಾಲೂಕಿನಲ್ಲಿ ವಾಸಿಸಿ ಓದಿದ ದಾಖಲೆ ಬೇಕು, ಕನ್ನಡ ಭಾಷಾ ಪರೀಕ್ಷೆಯಲ್ಲೂ ಉತ್ತೀರ್ಣರಾಗಬೇಕು. ಶಾಲೆಯ ಅಂಕಣದಲ್ಲಿ ಮಾತೇ ಸಾಕಾದದ್ದು, ಸೀಟಿನ ಪ್ರಶ್ನೆ ಬಂದಾಗ ಸಾಲದಾಯಿತು.

ಈ ವ್ಯತ್ಯಾಸ ನ್ಯಾಯವೇ?

ಲಿಂಗತ್ವವು ಒಳಗಿನ ಅರಿವು, ಅದಕ್ಕೆ ವ್ಯಕ್ತಿಯ ಹೊರತು ಬೇರೆ ಸಾಕ್ಷಿಯಿಲ್ಲ. ಜಾತಿಯು ಸಮಾಜ ಹೇರಿದ ಹೊರೆ, ಅದಕ್ಕೆ ಊರೆಲ್ಲ ಸಾಕ್ಷಿ ಎಂಬುದು ಸಾಮಾನ್ಯ ಸಮರ್ಥನೆ. ಇದರಲ್ಲಿ ಹುರುಳಿದೆ. ತಾನು ದಲಿತನೆಂದು ಘೋಷಿಸಿಕೊಂಡ ಮಾತ್ರಕ್ಕೆ ಮೇಲ್ಜಾತಿಯವನಿಗೆ ಪಾಲು ಕೊಟ್ಟರೆ ತಲೆತಲಾಂತರದ ಅನ್ಯಾಯಕ್ಕೆ ಇನ್ನೊಂದು ಸೇರಿದಂತಾಗುತ್ತದೆ. ಆದರೆ ಪರಿಶೀಲನೆಯ ಭಾರ ಬೀಳುವುದು ದಾಖಲೆಯಿಲ್ಲದ ಬಡವರ ಮೇಲೆ. ಅಜ್ಜ ಶಾಲೆಯ ಮೆಟ್ಟಿಲು ಹತ್ತಿರದಿದ್ದರೆ ಮೊಮ್ಮಗ ಯಾವ ಶಾಲಾ ದಾಖಲೆ ತಂದಾನು? ಪಂಗಡದ ಆಚಾರ, ಮಾತು, ದೈವಗಳ ಪರಿಚಯ ಕೇಳುವ ‘ಸಾಮ್ಯ ಪರೀಕ್ಷೆ’ಯೂ ಊರು ಬಿಟ್ಟು ಪಟ್ಟಣ ಸೇರಿದವರಿಗೆ ಕಷ್ಟವೇ. ಇದನ್ನು ಮನಗಂಡು ಸುಪ್ರೀಂ ಕೋರ್ಟು 2023ರ ಮಾರ್ಚ್ 24ರಂದು ಮಹಾರಾಷ್ಟ್ರದ ಠಾಕೂರ್ ಪಂಗಡದ ಪ್ರಕರಣದಲ್ಲಿ, ಆ ಪರೀಕ್ಷೆ ಅಂತಿಮ ಒರೆಗಲ್ಲಲ್ಲವೆಂದು ಹೇಳಿತು.

ರಕ್ಷಣೆಯ ವಿಷಯದಲ್ಲಿ ಧಾರಾಳವಾಗಿಯೂ ಪಾಲಿನ ವಿಷಯದಲ್ಲಿ ಎಚ್ಚರದಿಂದಲೂ ಇರುವುದು ಸರಿ. ಆ ಎಚ್ಚರ ಅವಮಾನವಾಗಕೂಡದು ಎಂಬುದು ನಮ್ಮ ಅಭಿಪ್ರಾಯ. ನಮ್ಮನ್ನು ನಾವು ಕನ್ನಡಿಗರೆಂದು ಹೇಳಿಕೊಂಡಾಗ ಆಡಳಿತ ಅದನ್ನು ನಂಬಬೇಕೆಂದು ಬಯಸುವ ನಾವು, ತರಗತಿಯಲ್ಲಿ ತನ್ನ ಲಿಂಗತ್ವದ ಬಗೆಗೆ ಅಳುಕುತ್ತ ಮಾತಾಡುವ ಮಗುವಿನ ಮಾತನ್ನೂ ಗೌರವದಿಂದ ಕೇಳಬೇಕಾಗುತ್ತದೆ.

ಕುಟುಂಬಗಳ ಗಮನಕ್ಕೆ

ಒಂದನೆಯ ತರಗತಿಗೆ ಸೇರಿಸುವಾಗಲೇ ಮಾತೃಭಾಷೆಯ ಅಂಕಣವನ್ನು ಯೋಚಿಸಿ ತುಂಬಿರಿ. ವರ್ಗಾವಣೆ ಪತ್ರದವರೆಗೂ ಅದೇ ಬರಹ ಸಾಗುತ್ತದೆ. ಓದಿದ ಪ್ರತಿ ವರ್ಷದ ದಾಖಲೆಯನ್ನು ಕಾಪಾಡಿರಿ. ಗಡಿನಾಡ ಅರ್ಹತೆಗೆ ಅದು ಬೇಕು. ಜಾತಿಯ ಹೆಸರನ್ನು ನಿಮ್ಮ ರಾಜ್ಯದ ಅಧಿಕೃತ ಪಟ್ಟಿಯಲ್ಲಿರುವ ಕಾಗುಣಿತದಲ್ಲೇ ಬರೆಯಿಸಿರಿ. ತಂದೆ, ಅಜ್ಜಂದಿರ ಶಾಲಾ ದಾಖಲೆ, ಭೂದಾಖಲೆಗಳ ಪ್ರತಿಗಳನ್ನು ಒಂದೆಡೆ ಇಡಿರಿ. ರಾಜ್ಯ ಬದಲಿಸಿ ಓದುವ ಯೋಚನೆಯಿದ್ದರೆ ಮೀಸಲಾತಿ ಅಲ್ಲಿ ಸಲ್ಲುವುದೇ ಎಂದು ಅರ್ಜಿಗೆ ಮುನ್ನವೇ ಕೇಳಿರಿ. ಲಿಂಗತ್ವದ ಪ್ರಮಾಣಪತ್ರಕ್ಕೆ 18 ವರ್ಷದೊಳಗಿನವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸಬೇಕು ಎಂದು 2019ರ ಕಾಯ್ದೆ ಹೇಳಿತು. ಕಾಯ್ದೆ, ನಿಯಮಗಳಿಗೆ ಕಾಲಕಾಲಕ್ಕೆ ತಿದ್ದುಪಡಿ ಬರುವುದರಿಂದ ಅರ್ಜಿ ಸಲ್ಲಿಸುವ ದಿನದ ನಿಯಮವನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿಕೊಳ್ಳಿರಿ. ಮಹಿಳೆಯರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಅಲ್ಲಿ ಕಾನೂನು ನೆರವು ಉಚಿತ.